ಕಡತಗಳಲ್ಲಿ ಸಿಗದ ಬದುಕು

ನಿವೃತ್ತರಾದವರು ಸಾಮಾನ್ಯವಾಗಿ ಎರಡು ಬಗೆಯ ಪುಸ್ತಕಗಳಿಗೆ ಒಲಿಯುತ್ತಾರೆ. ಒಂದು ಅಧ್ಯಾತ್ಮ, ಇನ್ನೊಂದು ಮಹಾಪುರುಷರ ಜೀವನಚರಿತ್ರೆ. ಕಳೆದ ಕೆಲವು ವರ್ಷಗಳಿಂದ ನಾನು ಓದುತ್ತಿರುವುದು ಇವೆರಡನ್ನೂ ಅಲ್ಲ. ಕನ್ನಡದ ಮಹಿಳೆಯರು ತಮ್ಮ ಬದುಕಿನ ಬಗ್ಗೆ ತಾವೇ ಬರೆದುಕೊಂಡ ಪುಸ್ತಕಗಳನ್ನು. ಯಲಹಂಕ ಉಪನಗರದ ಉದ್ಯಾನದಲ್ಲಿ ನನ್ನೊಡನೆ ಬೆಳಗಿನ ವಾಯುವಿಹಾರ ಮಾಡುವ ಸ್ನೇಹಿತರಿಗೆ ಇದು ವಿನೋದದ ವಿಷಯ. ‘ಹೆಂಗಸರ ಕಷ್ಟಸುಖ ಓದಿ ನಿಮಗೇನು ಸಿಗುತ್ತೆ ಸಾರ್?’ ಎಂದು ಕೇಳುತ್ತಾರೆ. ಪ್ರಶ್ನೆ ತಮಾಷೆಯದಾದರೂ ಅದಕ್ಕೆ ಗಂಭೀರವಾದ ಉತ್ತರವಿದೆ.

ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳನ್ನು ಓದಿದವನು ನಾನು. ವಿಧವಾ ವೇತನದ ಒಂದು ಅರ್ಜಿಯನ್ನೇ ತೆಗೆದುಕೊಳ್ಳಿ. ಹೆಸರು, ವಯಸ್ಸು, ಗಂಡ ತೀರಿಕೊಂಡ ದಿನಾಂಕ, ವಾರ್ಷಿಕ ವರಮಾನ, ಇಷ್ಟಿದ್ದರೆ ಕಡತ ಮುಂದಕ್ಕೆ ಹೋಗುತ್ತದೆ. ಆಡಳಿತಕ್ಕೆ ಅಷ್ಟು ಸಾಕು, ಅದು ತಪ್ಪೂ ಅಲ್ಲ. ಆದರೆ ಆ ದಿನಾಂಕದ ಮರುದಿನ ಆಕೆ ಒಲೆ ಹಚ್ಚಿದಳೇ, ಯಾರ ಮನೆಯ ಬಾಗಿಲಿಗೆ ಹೋದಳು, ಮಕ್ಕಳಿಗೆ ಏನು ಹೇಳಿದಳು ಎಂಬುದಕ್ಕೆ ಯಾವ ನಮೂನೆಯಲ್ಲೂ ಅಂಕಣವಿಲ್ಲ. ಇಂಥ ಪ್ರಶ್ನೆಗಳಿಗೆ ಮಹಿಳೆಯರ ಆತ್ಮಕಥೆಗಳಲ್ಲಿ ಉತ್ತರವಿದೆ.

ಡಾ. ವಿಜಯಾ ಅವರ ‘ಕುದಿ ಎಸರು’ ನೋಡಿ. 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಆತ್ಮಕಥೆಯಲ್ಲಿ ಬಾಲ್ಯದ ಬವಣೆಯಿದೆ, ದಾಂಪತ್ಯದ ಹಿಂಸೆಯಿದೆ, ಅದರಿಂದ ಹೊರಬಂದು ಪತ್ರಕರ್ತೆಯಾಗಿ ನೆಲೆ ಕಂಡುಕೊಂಡ ದಾರಿಯಿದೆ. ಕೌಟುಂಬಿಕ ದೌರ್ಜನ್ಯ ತಡೆಗೆ 2005ರಲ್ಲಿ ಕಾಯ್ದೆ ಬಂತು. ಅದರ ಕಲಮುಗಳನ್ನು ನಾನು ಬಲ್ಲೆ. ಆದರೆ ಹೊಡೆತ ತಿಂದ ಹೆಣ್ಣು ಏಕೆ ಅದೇ ಮನೆಯಲ್ಲಿ ಉಳಿಯುತ್ತಾಳೆ, ಯಾವ ಗಳಿಗೆಯಲ್ಲಿ ಇನ್ನು ಸಾಕು ಎನ್ನುತ್ತಾಳೆ ಎಂಬುದನ್ನು ಕಾಯ್ದೆಯ ಪುಸ್ತಕ ಹೇಳುವುದಿಲ್ಲ. ಈ ಪುಸ್ತಕವನ್ನು ನಾನು ಒಂದೇ ಸಲಕ್ಕೆ ಓದಿ ಮುಗಿಸಲಾಗಲಿಲ್ಲ. ನಡುನಡುವೆ ಮುಚ್ಚಿಟ್ಟು, ಹೊರಗೆ ಒಂದು ಸುತ್ತು ಹೋಗಿಬಂದು, ಮತ್ತೆ ತೆರೆದೆ.

ಭಾರ್ಗವಿ ನಾರಾಯಣ್ ಅವರ ‘ನಾನು, ಭಾರ್ಗವಿ’ಯದು ಬೇರೆಯೇ ಹದ. ಹಗಲು ಇಎಸ್‌ಐ ಕಚೇರಿಯ ನೌಕರಿ, ಸಂಜೆ ನಾಟಕದ ತಾಲೀಮು, ಮನೆಯಲ್ಲಿ ನಾಲ್ವರು ಮಕ್ಕಳು. ನಮ್ಮ ಪೀಳಿಗೆಯ ನೌಕರರು ಸಂಜೆ ಆರಕ್ಕೆ ಮನೆ ಸೇರಿ, ಕಾಫಿ ಲೋಟ ಕೈಗೆ ಬರುವುದನ್ನು ಕಾಯುತ್ತಾ ‘ದಣಿವು’ ಎನ್ನುತ್ತಿದ್ದೆವಲ್ಲ, ಆ ಪದದ ಅರ್ಥವನ್ನು ಇಂಥ ಬದುಕಿನ ಪಕ್ಕದಲ್ಲಿಟ್ಟು ನೋಡಬೇಕು. 2022ರಲ್ಲಿ ತೀರಿಕೊಳ್ಳುವವರೆಗೂ ಅವರ ಮಾತಿನಲ್ಲಿದ್ದ ಲವಲವಿಕೆ ಬೆಂಗಳೂರಿನ ರಂಗಾಸಕ್ತರಿಗೆಲ್ಲ ಗೊತ್ತು. ರಾಜೇಶ್ವರಿ ತೇಜಸ್ವಿ ಅವರ ‘ನನ್ನ ತೇಜಸ್ವಿ’ಯನ್ನು ಬಹುಪಾಲು ಜನ ಗಂಡನಿಗಾಗಿ ಕೊಳ್ಳುತ್ತಾರೆ. ನಾನೂ ಹಾಗೆಯೇ ಕೊಂಡದ್ದು. ಓದುತ್ತಾ ಹೋದಂತೆ ಮೂಡಿಗೆರೆಯ ಆ ಮನೆಯನ್ನು ನಡೆಸಿದವರು ಯಾರೆಂಬುದು ತಾನಾಗಿ ತಿಳಿಯುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಂದು ಮಾತು ಹೇಳಲೇಬೇಕು. ರಾಷ್ಟ್ರೀಯ ವರಮಾನದ ಲೆಕ್ಕದಲ್ಲಿ ಮನೆಗೆಲಸಕ್ಕೆ ಬೆಲೆಯಿಲ್ಲ. 2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳೊಂದಿಗೆ ‘ದುಡಿಮೆ ಇಲ್ಲದವರ’ ಗುಂಪಿಗೆ ಸೇರಿಸಿತ್ತು. 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟುವಾಗಿ ಟೀಕಿಸಿತು. ಸಮಯ ಬಳಕೆಯ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ನಡೆದಾಗ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆಂದು ತಿಳಿಯಿತು. 2024ರ ಸಮೀಕ್ಷೆಯಲ್ಲಿ ಈ ಅಂಕಿಗಳು 289 ಮತ್ತು 88. ಅಂತರ 202ರಿಂದ 201ಕ್ಕೆ ಇಳಿದಿದೆ. ಐದು ವರ್ಷಗಳಲ್ಲಿ ಒಂದು ನಿಮಿಷದ ಪ್ರಗತಿ! ಅಂಕಿಅಂಶಗಳ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಆ 289 ನಿಮಿಷಗಳ ಒಳಗೆ ಏನು ನಡೆಯುತ್ತದೆ, ಅವುಗಳಿಂದ ಕದ್ದ ಹತ್ತು ನಿಮಿಷದಲ್ಲಿ ಒಬ್ಬಾಕೆ ಹೇಗೆ ಬರೆಯುತ್ತಾಳೆ ಎಂಬುದು ಈ ಪುಸ್ತಕಗಳಿಂದಲೇ ಗೊತ್ತಾಗಬೇಕು.

ಆತ್ಮಕಥೆ ಏಕಪಕ್ಷೀಯ, ಸ್ವಾನುಕಂಪದ್ದು ಎಂಬ ಆಕ್ಷೇಪವುಂಟು. ಇರಬಹುದು. ನಿವೃತ್ತ ಅಧಿಕಾರಿಗಳ ನೆನಪಿನ ಪುಸ್ತಕಗಳನ್ನು ಓದಿದವರು ಮಾತ್ರ ಈ ಆಕ್ಷೇಪವನ್ನು ಹೆಂಗಸರ ಮೇಲೆ ಹೊರಿಸಲಾರರು.

ಇನ್ನು ನಂಟಿನ ಮಾತು. ನಮ್ಮ ಯಲಹಂಕ ಹಿಂದೆ ಎಲ್ಲರೂ ಎಲ್ಲರನ್ನೂ ಬಲ್ಲ ಊರಾಗಿತ್ತು. 1984ರಲ್ಲಿ ರೈಲು ಗಾಲಿ ಮತ್ತು ಅಚ್ಚಿನ ಕಾರ್ಖಾನೆ ಬಂತು, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ. ಬಳ್ಳಾರಿ ರಸ್ತೆಯ ಎರಡೂ ಬದಿಗೆ ಅಪಾರ್ಟ್‌ಮೆಂಟುಗಳು ಎದ್ದವು. ಅವುಗಳಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಹಾಸನದಿಂದ, ಕಲಬುರಗಿಯಿಂದ, ಕರಾವಳಿಯಿಂದ ಬಂದ ಅಜ್ಜಿಯರಿದ್ದಾರೆ. ಸಂಜೆ ಕಲ್ಲುಬೆಂಚಿನ ಮೇಲೆ ಕುಳಿತಿರುತ್ತಾರೆ. ಯಾರೂ ಅವರನ್ನು ಮಾತನಾಡಿಸುವುದಿಲ್ಲ. ಪುತ್ತೂರು ಕಡೆಯ ಅಂಥ ಒಬ್ಬ ಹಿರಿಯರಿಗೆ ನನ್ನ ಪತ್ನಿ ಸಾರಾ ಅಬೂಬಕ್ಕರ್ ಅವರ ‘ಹೊತ್ತು ಕಂತುವ ಮುನ್ನ’ ಕೊಟ್ಟಳು. ಕಾಸರಗೋಡಿನ ಮುಸ್ಲಿಂ ಕುಟುಂಬದಲ್ಲಿ 1936ರಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಕಲಿತು, ನಲವತ್ತು ದಾಟಿದ ಮೇಲೆ ‘ಲಂಕೇಶ್ ಪತ್ರಿಕೆ’ಯಲ್ಲಿ ಬರೆಯತೊಡಗಿ, ‘ಚಂದ್ರಗಿರಿಯ ತೀರದಲ್ಲಿ’ಯಂಥ ಕಾದಂಬರಿ ಕೊಟ್ಟವರು ಸಾರಾ. 2023ರ ಜನವರಿಯಲ್ಲಿ ನಿಧನರಾದರು. ಆ ಹಿರಿಯರು ಸಂಪ್ರದಾಯಸ್ಥ ಬ್ರಾಹ್ಮಣ ಮನೆಯವರು. ಮೂರನೆಯ ದಿನ ಪುಸ್ತಕ ಮರಳಿಸುತ್ತಾ, ‘ಇದು ನನ್ನ ಅಮ್ಮನ ಕತೆಯೇ ಮಾರಾಯ್ರೇ, ಹೆಸರು ಮಾತ್ರ ಬೇರೆ’ ಎಂದರಂತೆ. ಸೌಹಾರ್ದದ ಬಗ್ಗೆ ನಾನು ಕೇಳಿರುವ ಭಾಷಣಗಳಿಗೆ ಲೆಕ್ಕವಿಲ್ಲ. ಇಷ್ಟು ಸಲೀಸಾಗಿ ಅದು ನಡೆದದ್ದನ್ನು ಕಂಡಿರಲಿಲ್ಲ.

ಆದರೆ ಇಂಥ ಪುಸ್ತಕಗಳು ಸಿಗುವುದೆಲ್ಲಿ? ಬಡಾವಣೆಯ ಶಾಖಾ ಗ್ರಂಥಾಲಯಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳಿಗೆ ಇರುವ ಜಾಗ ಇವಕ್ಕಿಲ್ಲ. ಪರೀಕ್ಷೆಗೆ ಓದುವ ಹುಡುಗರಿಗೆ ಕೈಪಿಡಿ ಬೇಕು, ನಿಜ. ಆದರೆ ಗ್ರಂಥಾಲಯ ಕರವೆಂದು ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಕಟ್ಟುವವರು ಎಲ್ಲ ಮನೆಗಳವರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಬದಲು ಐದು ನಗರಪಾಲಿಕೆಗಳು ಬಂದಿವೆ, ನಾವು ಉತ್ತರ ಪಾಲಿಕೆಗೆ ಸೇರಿದ್ದೇವೆ. ಹೊಸ ಪಾಲಿಕೆಯ ವ್ಯಾಪ್ತಿಯ ಪ್ರತಿ ಶಾಖೆಯಲ್ಲೂ ಮಹಿಳೆಯರ ಆತ್ಮಕಥೆಗಳಿಗೆ ಒಂದು ಕಪಾಟು ಇಡುವುದು ದೊಡ್ಡ ಖರ್ಚಿನ ಬಾಬಲ್ಲ.

ಮರೆವು ನಮ್ಮಲ್ಲಿ ಬಹಳ ಬೇಗ ಕವಿಯುತ್ತದೆ. 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿದ ನಂಜನಗೂಡು ತಿರುಮಲಾಂಬಾ 1982ರವರೆಗೆ ನಮ್ಮ ನಡುವೆಯೇ ಇದ್ದರು. ಎಷ್ಟು ಜನರಿಗೆ ಗೊತ್ತಿತ್ತು? 1921ರಿಂದ ನಾಲ್ಕು ದಶಕಗಳ ಕಾಲ ‘ಸರಸ್ವತಿ’ ಮಾಸಪತ್ರಿಕೆ ನಡೆಸಿದ ಆರ್. ಕಲ್ಯಾಣಮ್ಮನವರ ಹೆಸರು ಚಾಮರಾಜಪೇಟೆಯ ಮಕ್ಕಳ ಕೂಟದ ಆಚೆ ಹೆಚ್ಚು ಕೇಳಿಬರುವುದಿಲ್ಲ. ಅಚ್ಚಾದವರ ಪಾಡೇ ಹೀಗಾದರೆ, ಪಂಚಾಂಗದ ಅಂಚಿನಲ್ಲಿ, ಹಾಲಿನ ಲೆಕ್ಕದ ಪುಸ್ತಕದಲ್ಲಿ ಒಂದೆರಡು ಸಾಲು ಗೀಚಿಟ್ಟವರದು ಹಳೇ ಪೇಪರಿನ ಅಂಗಡಿಗೇ ಹೋಗುತ್ತದೆ. ಮನೆ ಖಾಲಿ ಮಾಡುವಾಗ ಅಮ್ಮನ ಪೆಟ್ಟಿಗೆಯ ಕಾಗದಗಳನ್ನು ತೂಕಕ್ಕೆ ಹಾಕುವ ಮೊದಲು ಒಮ್ಮೆ ಓದಿ ನೋಡಿ ಎಂಬುದಷ್ಟೇ ನನ್ನ ವಿನಂತಿ.

ಪುತ್ತೂರಿನ ಆ ಹಿರಿಯರು ಮೊಮ್ಮಗನ ಹಳೆಯ ನೋಟುಪುಸ್ತಕಗಳ ಉಳಿದ ಹಾಳೆಗಳಲ್ಲಿ ತಾವೂ ಬರೆಯತೊಡಗಿದ್ದಾರೆ. ಮಧ್ಯಾಹ್ನ ಮಗು ಮಲಗಿದಾಗ ಒಂದು ಪುಟ. ಗಂಡಸರಿಗೆ ತೋರಿಸುವಂತಿಲ್ಲ, ನನ್ನ ಪತ್ನಿ ಮಾತ್ರ ಓದಿದ್ದಾಳೆ. ಸದ್ಯ ಮದುವೆಯ ವರ್ಷ 1968ಕ್ಕೆ ಬಂದಿದ್ದಾರಂತೆ.