ಪಲ್ಲೆ ಅಳೆದರೆ ಸಾಲದು, ಮಣ್ಣು ಅಳೆಯಿರಿ

ಬೆಂಗಳೂರಿನ ಅಂಗಡಿಗಳಿಂದ ಪರಿಸರ ಸಂಶೋಧನಾ ಸಂಸ್ಥೆ ಎಂಪ್ರಿ ಸಂಗ್ರಹಿಸಿದ 400 ತರಕಾರಿ ಮಾದರಿಗಳಲ್ಲಿ ಹಲವು ಸೀಸ, ಕ್ಯಾಡ್ಮಿಯಂ ಮಿತಿ ಮೀರಿವೆ ಎಂಬ ಸುದ್ದಿ ಬಂದಾಗ ಎರಡೇ ಮಾತು ಜೋರಾಗಿ ಕೇಳಿಸಿದವು: ಕೊಳಚೆ ನೀರು ಹಾಯಿಸುವ ರೈತನನ್ನು ಹಿಡಿಯಿರಿ, ಇಲ್ಲವೇ ಸಾವಯವ ತಿನ್ನಿ. ಎರಡೂ ಅರೆಬರೆ ಮಾತು. ಸಾವಯವ ಅಂಗಡಿಯ ಮಾದರಿಗಳಲ್ಲೂ ಲೋಹ ಸಿಕ್ಕಿತ್ತು.

ಕೃಷ್ಣೆಯ ದಂಡೆಯ ನಮ್ಮ ಯಡೂರಿಗೆ ಈ ಜಗಳ ದೂರದ್ದಲ್ಲ. ಕೊಲ್ಹಾಪುರದ ಚರಂಡಿ ನೀರನ್ನೂ ಇಚಲಕರಂಜಿಯ ಬಟ್ಟೆ ಘಟಕಗಳ ತ್ಯಾಜ್ಯವನ್ನೂ ಹೊತ್ತ ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅದೇ ನೀರು ಕೆಳಗೆ ನಮ್ಮ ದಂಡೆಗೆ ಬರುತ್ತದೆ. ಮೇಲಿನವರು ಅದನ್ನು ಶುದ್ಧ ಮಾಡಿಯೇ ಬಿಡಬೇಕು, ಅದರಲ್ಲಿ ರಾಜಿಯಿಲ್ಲ. ಆದರೆ ಮಣ್ಣಿಗೆ ಬಿದ್ದ ಲೋಹವೆಲ್ಲ ಎಲೆಗೆ ಏರುವುದಿಲ್ಲ. ಎಷ್ಟು ಏರುತ್ತದೆ ಎಂಬುದರಲ್ಲಿ ಮಣ್ಣಿನ ಪೋಷಕಾಂಶಗಳ ಪಾತ್ರ ದೊಡ್ಡದು.

ಸತು, ಕ್ಯಾಡ್ಮಿಯಂ ಎರಡೂ ಬೇರಿನೊಳಗೆ ಹೋಗುವುದು ಬಹುಮಟ್ಟಿಗೆ ಒಂದೇ ಬಾಗಿಲಿನಿಂದ. ಸತು ಸಾಕಷ್ಟಿದ್ದರೆ ಕ್ಯಾಡ್ಮಿಯಂಗೆ ಜಾಗ ಕಡಿಮೆ. ಸತು, ಕಬ್ಬಿಣ ಕೊರತೆಯಾದರೆ ಬೇರು ಅವುಗಳ ಹುಡುಕಾಟದಲ್ಲಿ ಕ್ಯಾಡ್ಮಿಯಂ ಅನ್ನೂ ಎಳೆದುಕೊಳ್ಳುತ್ತದೆ. ರಂಜಕ ಸೀಸವನ್ನು ಮಣ್ಣಲ್ಲೇ ಕಟ್ಟಿಹಾಕುತ್ತದೆ. ಕೆಲವು ರಂಜಕ ಗೊಬ್ಬರಗಳು ಮಾತ್ರ ತಾವೇ ಕ್ಯಾಡ್ಮಿಯಂ ತರುತ್ತವೆ. ನಮ್ಮ ಎರಿ ಮಣ್ಣು ಸುಣ್ಣದಂಶದ್ದು, ಹಾಗಾಗಿ ಲೋಹವನ್ನು ಹಿಡಿದಿಡುತ್ತದೆ. ಅದೇ ಗುಣ ಸತುವನ್ನೂ ಬೆಳೆಗೆ ಸಿಗದಂತೆ ಮಾಡುತ್ತದೆ. ಕಬ್ಬಿಗೆ ಅತಿಯಾಗಿ ನೀರು ಹಾಯಿಸಿ ಸವಳಾದ ಹೊಲದಲ್ಲಿ ಕ್ಲೋರೈಡ್ ಹೆಚ್ಚಿದ್ದರೆ ಕ್ಯಾಡ್ಮಿಯಂ ಅದರೊಡನೆ ಸೇರಿ ಮತ್ತೆ ಕರಗುತ್ತದೆ. ಅಂಥ ಹೊಲದ ಬದುವಿಗೆ ಬಿತ್ತಿದ ಪಾಲಕ, ಮೆಂತ್ಯ ಎಷ್ಟು ಹಸಿರಾಗಿದ್ದರೂ ನೋಡಿ ಹೇಳಲಾಗದು.

ಪೋಷಕಾಂಶದ ಮಾತೆತ್ತಿದರೆ ಕಾರ್ಖಾನೆಗಳಿಗೆ ತಪ್ಪಿಸಿಕೊಳ್ಳಲು ನೆಪ ಸಿಗುತ್ತದೆ ಎನ್ನುವವರಿದ್ದಾರೆ. ಸಿಗುವುದಿಲ್ಲ. ಸತು ಕ್ಯಾಡ್ಮಿಯಂಗೆ ತಡೆ ಒಡ್ಡುತ್ತದೆಯೇ ಹೊರತು ಅದನ್ನು ಅಳಿಸುವುದಿಲ್ಲ. ಸೀಸ ಕೊಳೆಯುವ ವಸ್ತುವಲ್ಲ. ನಾಳೆಯೇ ನದಿ ತಿಳಿಯಾದರೂ ಮಣ್ಣಿಗೆ ಸೇರಿದ್ದು ಅಲ್ಲೇ ಉಳಿಯುತ್ತದೆ. ಹೊಲ ಮಾಡುವವನು ನದಿ ತಿಳಿಯಾಗುವತನಕ ಕೈಕಟ್ಟಿ ಕೂಡಬೇಕೇ?

ಅವನ ಕೈಲಿರುವುದು ಗೊಬ್ಬರದ ಆಯ್ಕೆ. ಆದರೆ ಯೂರಿಯಾ ಚೀಲ 266.50 ರೂಪಾಯಿಗೆ ಸಿಗುವಾಗ ಕೈ ಅದರ ಕಡೆಗೇ ಹೋಗುತ್ತದೆ. ಸತುವಿನ ನೆನಪು ಬರುವುದು ಎಲೆ ಬಿಳಿಚಿದ ಮೇಲೆ. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿ 12 ಅಂಶ ಅಳೆಯುತ್ತದೆ. ಸತು, ಕಬ್ಬಿಣ, ರಸಸಾರ ಅದರಲ್ಲಿವೆ. ಸೀಸ, ಕ್ಯಾಡ್ಮಿಯಂ ಇಲ್ಲ. ಸೊಪ್ಪಿನಲ್ಲಿ ಕಿಲೋಗೆ ಸೀಸ 0.3, ಕ್ಯಾಡ್ಮಿಯಂ 0.2 ಮಿಲಿಗ್ರಾಂ ದಾಟಬಾರದೆಂದು ನಿಯಮ ಮಾಡಿದ ಸರ್ಕಾರ, ಆ ಸೊಪ್ಪು ಬೆಳೆಯುವ ಮಣ್ಣಿನಲ್ಲಿ ಅವೆರಡನ್ನೂ ಅಳೆಯದಿರುವುದು ಯಾವ ನ್ಯಾಯ?

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ನದಿದಂಡೆ ಊರುಗಳ ಚೀಟಿಗೆ ಈ ಎರಡು ಸಾಲು ಸೇರಲಿ. ಸತು ಎಷ್ಟು, ತಿಪ್ಪೆಗೊಬ್ಬರ ಎಷ್ಟು, ಸವಳು ಹೊಲದಲ್ಲಿ ಪಲ್ಲೆ ಬೇಕೋ ಬೇಡವೋ ಎಂಬ ಸಲಹೆ ಬಿತ್ತುವ ಮೊದಲೇ ರೈತ ಸಂಪರ್ಕ ಕೇಂದ್ರದಿಂದ ಬರಲಿ. ಅಷ್ಟು ಮಾಡದೆ ಸಂತೆಯಲ್ಲಿ ಪಲ್ಲೆ ಮಾರುವವಳ ಬುಟ್ಟಿಗೆ ಕೈಹಾಕುವ ಹಕ್ಕು ಯಾವ ಅಧಿಕಾರಿಗೂ ಇಲ್ಲ.