ರುಚಿಯ ನಡಿಗೆ: ಹಾವೇರಿ ಜಿಲ್ಲೆಗೆ ದಕ್ಕುವುದೇನು?

ಮಾರ್ಗದರ್ಶಕರೊಬ್ಬರ ಜತೆ ಬೀದಿ ಬೀದಿ ನಡೆದು ಊರಿನ ತಿನಿಸುಗಳನ್ನು ಸವಿಯುವ ಪ್ರವಾಸ ಬೆಂಗಳೂರಿಗೆ ಈಗ ಹೊಸದಲ್ಲ. ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಹೋಟೆಲುಗಳು, ಅವರೆಬೇಳೆ ಮೇಳದಿಂದ ಹೆಸರಾದ ವಿ.ವಿ.ಪುರದ ತಿಂಡಿ ಬೀದಿ ಇಂಥ ನಡಿಗೆಗಳ ಪರಿಚಿತ ತಾಣಗಳು. ತಲಾ ಇಷ್ಟೆಂದು ಶುಲ್ಕ ತೆತ್ತವರು ಎರಡು ಮೂರು ತಾಸು ನಡೆದು, ಅಂಗಡಿಗೊಂದು ತಿನಿಸು ಸವಿದು, ಅದರ ಹಿನ್ನೆಲೆ ಕೇಳಿ ಮರಳುತ್ತಾರೆ. ಈ ಮಾದರಿಯನ್ನು ಸಣ್ಣ ಊರುಗಳಿಗೂ ತರಬಹುದೇ ಎಂದು ಯೋಚಿಸುವವರು ಮೊದಲು ನೋಡಬೇಕಾದ ಜಿಲ್ಲೆ ಹಾವೇರಿ. ಈ ಜಿಲ್ಲೆಯ ಊರೊಂದರ ಹೆಸರು ದಿನವೂ ಲಕ್ಷಾಂತರ ಅಡುಗೆಮನೆಗಳಲ್ಲಿ ಉಚ್ಚಾರವಾಗುತ್ತದೆ. ಆದರೆ ಊಟಕ್ಕೆಂದೇ ಆ ಊರಿಗೆ ಬರುವವರು ವಿರಳ.

ಉಡುಪಿ ಹೋಟೆಲಿನ ಸಾಂಬಾರಿನ ಬಣ್ಣ, ಮಂಗಳೂರಿನ ಕೋರಿ ಗಸಿಯ ಕೆಂಪು, ಬಿಸಿಬೇಳೆ ಬಾತಿನ ಘಮ ಇವೆಲ್ಲದರ ಹಿಂದೆ ಬ್ಯಾಡಗಿ ಮೆಣಸಿನಕಾಯಿ ಇದೆ. ಗಾಢ ಬಣ್ಣ, ಮಂದ ಖಾರ ಇದರ ಗುಣ. ಡಬ್ಬಿ, ಕಡ್ಡಿ ಎಂಬ ಎರಡು ಬಗೆಗಳಲ್ಲಿ ದೊರೆಯುವ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಇದರಿಂದ ತೆಗೆಯುವ ಬಣ್ಣ ಆಹಾರೋದ್ಯಮಕ್ಕಷ್ಟೇ ಅಲ್ಲದೆ ಸೌಂದರ್ಯ ಸಾಧನಗಳ ತಯಾರಿಕೆಗೂ ಬಳಕೆಯಾಗುತ್ತದೆ. ಹೀಗೆ ಹೆಸರು ಊರು ಬಿಟ್ಟು ಬಹುದೂರ ಹೋಯಿತು. ಅದರ ಲಾಭ ಊರಿನಲ್ಲಿ ಎಷ್ಟು ಉಳಿಯಿತು ಎಂಬುದೇ ಪ್ರಶ್ನೆ.

ಮೂರು ಊರು, ಒಂದು ಸರಪಳಿ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ವಿಶೇಷವೊಂದು ಕಾಣುತ್ತದೆ. ಹಾವೇರಿಗೆ ಏಲಕ್ಕಿ ಕಂಪಿನ ಊರೆಂಬ ಹೆಸರಿದೆ. ಆದರೆ ಏಲಕ್ಕಿ ಬೆಳೆಯುವುದು ಮಲೆನಾಡಿನಲ್ಲಿ. ಅದನ್ನು ಇಲ್ಲಿಗೆ ತಂದು ಸಂಸ್ಕರಿಸುವ ವ್ಯಾಪಾರ ಒಂದು ಕಾಲಕ್ಕೆ ದೊಡ್ಡದಾಗಿ ನಡೆಯುತ್ತಿತ್ತು. ಇಂದು ಆ ಕೀರ್ತಿಯನ್ನು ಉಳಿಸಿರುವುದು ಗಣ್ಯರ ಕೊರಳಿಗೆ ಬೀಳುವ ಏಲಕ್ಕಿ ಹಾರ, ಅದನ್ನು ಪೋಣಿಸುವ ಕುಶಲಕರ್ಮಿಗಳ ಬೆರಳು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಜರುಗಿದಾಗ ನಾಡಿನ ಗಮನ ಮತ್ತೊಮ್ಮೆ ಈ ಊರಿನತ್ತ ಹರಿದಿತ್ತು.

ಬ್ಯಾಡಗಿಯ ಸ್ಥಿತಿಯೂ ಇದಕ್ಕೆ ಹತ್ತಿರ. ಇಲ್ಲಿನ ಮಾರುಕಟ್ಟೆಗೆ ಬರುವ ಕಾಯಿಯಲ್ಲಿ ದೊಡ್ಡ ಪಾಲು ಬಳ್ಳಾರಿ, ರಾಯಚೂರು ಸೀಮೆಯಿಂದ ಹಾಗೂ ಆಂಧ್ರ, ತೆಲಂಗಾಣಗಳಿಂದ ಬರುತ್ತದೆ. ಜಿಲ್ಲೆಯ ಹೊಲಗಳಲ್ಲಿ ಗೋವಿನಜೋಳ, ಹತ್ತಿ ವಿಸ್ತರಿಸಿವೆ. ಇನ್ನು ರಾಣೆಬೆನ್ನೂರು ಬೀಜದ ಊರು. ಸುತ್ತಲಿನ ಹಳ್ಳಿಗಳಲ್ಲಿ ಟೊಮೆಟೊ, ಮೆಣಸಿನಕಾಯಿ ಮುಂತಾದ ತರಕಾರಿಗಳ ಸಂಕರಣ ಬೀಜೋತ್ಪಾದನೆ ನಡೆಯುತ್ತದೆ. ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಸೂಕ್ಷ್ಮ ಕೆಲಸವೆಲ್ಲ ಕೈಯದೇ, ಅದರಲ್ಲೂ ಹೆಚ್ಚಾಗಿ ಹೆಣ್ಣುಮಕ್ಕಳ ಕೈಯದು. ಬ್ಯಾಡಗಿಯಲ್ಲಿ ರಾಶಿಯ ಮುಂದೆ ಕುಳಿತು ಕಾಯಿಯ ತೊಟ್ಟು ಬಿಡಿಸುವವರೂ ಹೆಣ್ಣುಮಕ್ಕಳೇ.

ಅಂದರೆ ಈ ಮೂರು ಊರುಗಳ ನಿಜವಾದ ಆಸ್ತಿ ದುಡಿಯುವ ಕೈಗಳು. ತಿನಿಸಿನ ನಡಿಗೆಯೊಂದು ಇಲ್ಲಿ ರೂಪುಗೊಳ್ಳುವುದಾದರೆ ಅದು ತಟ್ಟೆಯಿಂದ ಹಿಂದಕ್ಕೆ, ಮಾರುಕಟ್ಟೆಗೆ, ಅಲ್ಲಿಂದ ಬೀಜಕ್ಕೆ ಸಾಗಬೇಕು. ಬೆಂಗಳೂರಿನ ಪ್ರತಿಯನ್ನು ಇಲ್ಲಿ ನಿಲ್ಲಿಸಿದರೆ ನಡೆಯದು.

ತಟ್ಟೆಗೆ ಕೊರತೆಯಿಲ್ಲ

ತಿನ್ನಲು ಇಲ್ಲಿ ಬೇಕಾದಷ್ಟಿದೆ. ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಕಾಳುಪಲ್ಲೆ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ನಿತ್ಯದ ಊಟ. ಹಣ್ಣು ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಉಪ್ಪಿನೊಡನೆ ಅರೆದ ರಂಜಕವನ್ನು ರೊಟ್ಟಿಗೆ ಹಚ್ಚಿ ಮೇಲೆ ಬೆಣ್ಣೆಯಿಟ್ಟು ತಿಂದವರಿಗೆ ಮಾತ್ರ ಖಾರಕ್ಕೂ ರುಚಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ. ಸಂಜೆಯಾದರೆ ಮಿರ್ಚಿ ಭಜಿ, ಗಿರ್ಮಿಟ್, ಮಂಡಕ್ಕಿ. ನೆರೆಯ ಸವಣೂರಿನ ಖಾರ, ವೀಳ್ಯದೆಲೆಗಳನ್ನೂ ಸೇರಿಸಿದರೆ ಊಟ ಪೂರ್ಣವಾಗುತ್ತದೆ. ಕೊರತೆ ಇರುವುದು ಇವನ್ನು ಒಂದು ದಾರದಲ್ಲಿ ಪೋಣಿಸಿ ಹೇಳುವವರದು. ಪುಣೆ-ಬೆಂಗಳೂರು ಹೆದ್ದಾರಿಯ ವಾಹನಗಳು ಊರ ಹೊರಗಿನಿಂದಲೇ ಹಾಯ್ದುಹೋಗುತ್ತವೆ. ದಾರಿಬದಿಯ ಹೋಟೆಲಿನಲ್ಲಿ ಎಲ್ಲೆಡೆಯಂತೆ ಅದೇ ದೋಸೆ, ಅದೇ ಚಹಾ.

ಮುಚ್ಚಿಡಲಾಗದ ಸಂಗತಿ

ಆದರೆ ಮೆಣಸಿನಕಾಯಿಯ ಕಥೆಯನ್ನು ಬಣ್ಣ, ಘಮಗಳಿಗೆ ಸೀಮಿತಗೊಳಿಸಿ ಹೇಳುವುದು ಅಪ್ರಾಮಾಣಿಕತೆಯಾದೀತು. 2024ರ ಮಾರ್ಚ್ 11ರಂದು ಬೆಲೆ ಕುಸಿತದಿಂದ ಕೆರಳಿದ ಬೆಳೆಗಾರರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು. ವಾಹನಗಳು ಬೆಂಕಿಗೆ ಆಹುತಿಯಾದವು. ಹಿಂಸೆಗೆ ಸಮರ್ಥನೆಯಿಲ್ಲ. ಆದರೂ ವರ್ಷದ ದುಡಿಮೆ ಒಂದೇ ದಿನದ ಟೆಂಡರಿನಲ್ಲಿ ನಿರ್ಧಾರವಾಗುವ ವ್ಯವಸ್ಥೆಯ ಆತಂಕ ಆ ದಿನ ಬಯಲಿಗೆ ಬಂದಿತೆಂಬುದನ್ನು ಅಲ್ಲಗಳೆಯಲಾಗದು. ಪ್ರವಾಸಿಗನಿಗೆ ಕೆಂಪು ರಾಶಿಯ ಛಾಯಾಚಿತ್ರ ತೆಗೆಸಿ ಕಳುಹಿಸುವ ಮಾರ್ಗದರ್ಶಕ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ.

ಇನ್ನೊಂದು ಸತ್ಯವೂ ಹೇಳಬೇಕಾದದ್ದಿದೆ. ಬ್ಯಾಡಗಿಯಲ್ಲಿ ಮಾರಾಟವಾಗುವುದೆಲ್ಲ ಬ್ಯಾಡಗಿ ತಳಿಯಲ್ಲ. ಡಬ್ಬಿ, ಕಡ್ಡಿ, ಸಂಕರಣ ತಳಿಗಳನ್ನು ಕೈಯಲ್ಲಿ ಹಿಡಿದು, ಮೂಸಿ, ಮುರಿದು ಗುರುತಿಸಲು ಕಲಿತ ಗ್ರಾಹಕ ಮುಂದೆ ತನ್ನೂರಿನ ಅಂಗಡಿಯಲ್ಲಿ ಪುಡಿಯ ಪೊಟ್ಟಣ ಕೊಳ್ಳುವಾಗ ಪ್ರಶ್ನೆ ಕೇಳುತ್ತಾನೆ. ಅಸಲಿ ತಳಿ ಬೆಳೆಯುವ ಮಳೆಯಾಶ್ರಿತ ರೈತನಿಗೆ ಇಂಥ ಗ್ರಾಹಕನಿಂದ ಆಗುವ ಉಪಕಾರ ಸಣ್ಣದಲ್ಲ.

ಪಾಲು ಯಾರಿಗೆ?

ಶುಲ್ಕದ ಹಣ ಬೆಂಗಳೂರಿನ ಪ್ರವಾಸ ಸಂಸ್ಥೆಗೂ ಸುಂಕಾಸುರ ಬಾಡಿಗೆ ಕಾರಿಗೂ ಹೋಗಿ, ರೊಟ್ಟಿ ಬಡಿದವಳಿಗೆ ರೊಟ್ಟಿಯ ಬೆಲೆಯಷ್ಟೇ ಸಿಕ್ಕರೆ ಈ ಪ್ರಯತ್ನ ವ್ಯರ್ಥ. ಮಾರ್ಗದರ್ಶಕರು ಸ್ಥಳೀಯ ಯುವಕ ಯುವತಿಯರೇ ಆಗಬೇಕು. ತೊಟ್ಟು ಬಿಡಿಸುವ ಹೆಣ್ಣುಮಕ್ಕಳನ್ನು ನೋಟದ ವಸ್ತುವಾಗಿಸದೆ, ಅವರ ಸ್ವಸಹಾಯ ಸಂಘಗಳು ತಯಾರಿಸಿದ ಚಟ್ನಿಪುಡಿ, ಖಾರದಪುಡಿ ನಡಿಗೆಯ ಕೊನೆಯಲ್ಲಿ ನೇರವಾಗಿ ಮಾರಾಟವಾಗಬೇಕು. ಬೀದಿ ವ್ಯಾಪಾರಿಗಳ ರಕ್ಷಣೆಗೆಂದು 2014ರಲ್ಲಿ ಬಂದ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಗಳನ್ನು ರಚಿಸಲು ಹೇಳುತ್ತದೆ. ಭಜಿ ಬಂಡಿಗೆ ಶುದ್ಧ ನೀರು, ಕಸದ ವಿಲೇವಾರಿ, ನಿಶ್ಚಿತ ಜಾಗ ಒದಗಿಸುವ ಹೊಣೆ ಸ್ಥಳೀಯ ಸಂಸ್ಥೆಯದು. ಅದಿಲ್ಲದೆ ಪ್ರವಾಸಿಗರನ್ನು ಕರೆತಂದರೆ ಎರಡನೆಯ ಬಾರಿ ಯಾರೂ ಬರಲಾರರು.

ಮೆಣಸಿನಕಾಯಿ ಹಂಗಾಮು ಚಳಿಗಾಲದಿಂದ ಬೇಸಿಗೆಯವರೆಗೆ. ಹೀಗಾಗಿ ಆರಂಭವನ್ನು ದೊಡ್ಡದಾಗಿ ಯೋಚಿಸುವ ಅಗತ್ಯವಿಲ್ಲ. ಹಂಗಾಮಿನ ಮಾರುಕಟ್ಟೆ ದಿನದಂದು ಬೆಳಿಗ್ಗೆ ಬ್ಯಾಡಗಿಯ ರಾಶಿಗಳು, ಮಧ್ಯಾಹ್ನ ಖಾನಾವಳಿಯ ಊಟ, ಸಂಜೆ ಹಾವೇರಿಯ ಏಲಕ್ಕಿ ಹಾರದ ಕುಶಲಕರ್ಮಿ, ಇಷ್ಟು ಸಾಕು. ಊರಿನ ಹೆಸರನ್ನು ಇಷ್ಟು ಕಾಲ ಹೊರಗಿನವರು ಮಾರಿ ಗಳಿಸಿದ್ದಾರೆ. ಆ ಹೆಸರನ್ನು ಕಟ್ಟಿದವರ ಮನೆಗೂ ನಾಲ್ಕು ಕಾಸು ಬರುವುದಾದರೆ ಮಾತ್ರ ಈ ನಡಿಗೆಗೆ ಅರ್ಥವುಂಟು.