ಗಿಡಕ್ಕೆ ಕ್ಯಾನ್ ನೀರು, ಅವ್ವನಿಗೆ ಬೋರ್ ನೀರು

ಊರಲ್ಲಿ ಒಬ್ಬರೇ ಇರೋ ಅಪ್ಪನಿಗೋ ಅಮ್ಮನಿಗೋ ದಿನಾ ಫೋನ್ ಮಾಡೋರಿಗೆ ಒಂದು ಕಷ್ಟ ಗೊತ್ತಿರುತ್ತೆ. "ಊಟ ಆಯ್ತಾ?", "ಮಳೆ ಬಂತಾ?" ಆದಮೇಲೆ ಮಾತು ಮುಗೀತು. ನಾನು ಬೆಂಗಳೂರಲ್ಲಿ, ಅವ್ವ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಲ್ಲಿ. ನಮ್ಮಿಬ್ಬರ ನಡುವೆ ಮಾತು ಬೆಳೆಸಿದ್ದು ಒಂದು ಸ್ಪೈಡರ್ ಪ್ಲಾಂಟ್.

ಎರಡು ವರ್ಷದ ಹಿಂದೆ ನಮ್ಮ ಆಫೀಸಿನ ಕಿಟಕಿಯಲ್ಲಿದ್ದ ಗಿಡದಿಂದ ಒಂದು ಮರಿ ಕಿತ್ತು, ಪ್ಲಾಸ್ಟಿಕ್ ಲೋಟದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಒಯ್ದಿದ್ದೆ. ಅವ್ವ ನೋಡಿ, "ಇದ್ಯಾವ ಗಿಡನಪ್ಪ, ಹುಲ್ಲು ಇದ್ದಂಗೈತೆ. ಹೂವಿಲ್ಲ, ಕಾಯಿಲ್ಲ" ಅಂದಿದ್ದಳು. ಆದರೂ ಜಗುಲಿಯಲ್ಲಿ ತೂಗುಹಾಕಿದಳು. ಆರು ತಿಂಗಳಿಗೆ ಉದ್ದನೆ ಬಳ್ಳಿ ಇಳಿಬಿಟ್ಟು, ತುದಿಯಲ್ಲಿ ಜೇಡದಂಥ ಮರಿಗಳು ಬಂದವು. ಅಲ್ಲಿಂದ ಅವ್ವ ಬಿಡಲಿಲ್ಲ. ತೆಂಗಿನ ಚಿಪ್ಪು, ಎಣ್ಣೆ ಡಬ್ಬ, ಒಡೆದ ಬಕೆಟ್ಟು ಎಲ್ಲದರಲ್ಲೂ ಗಿಡ. ಎಣಿಸಿದರೆ ಒಂಬತ್ತು.

ಇದರ ಮೂಲ ಆಫ್ರಿಕಾ. ಬೇರು ದಪ್ಪಗೆ, ಬೆಳ್ಳಗೆ, ಪುಟ್ಟ ಮೂಲಂಗಿ ಥರ ಇರುತ್ತೆ. ಆಯುರ್ವೇದದ ಸಫೇದ್ ಮುಸ್ಲಿ ಇದೇ ಕುಲದ ಗಿಡ, ಅದರಲ್ಲಿ ಔಷಧಿಗೆ ಬಳಸೋದು ಬೇರನ್ನೇ. ಸ್ಪೈಡರ್ ಪ್ಲಾಂಟ್ ಆ ಬೇರಿನಲ್ಲಿ ನೀರು ಕೂಡಿಟ್ಟುಕೊಳ್ಳುತ್ತೆ. ಹಾಗಾಗಿ ನೀವು ನಾಲ್ಕು ದಿನ ಟ್ರಿಪ್ ಹೋದರೂ ಸಾಯಲ್ಲ. ಬೆಳಕು ಬೇಕು, ನೇರ ಬಿಸಿಲು ಬೇಡ. ಮನೆಯೊಳಗಾದರೆ ಪೂರ್ವದ ಕಿಟಕಿ, ಹೊರಗಾದರೆ ಮಾವಿನ ಮರದ ಬುಡದ ನೆರಳು ಸರಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗಿಟ್ಟರೆ ಎಲೆ ಸುಟ್ಟುಹೋಗುತ್ತೆ.

ಒಂದು ದಿನ ವಿಡಿಯೋ ಕಾಲ್‌ನಲ್ಲಿ ಅವ್ವ ಎಲೆಯ ತುದಿ ತೋರಿಸಿದಳು. ಎಲ್ಲಾ ಕಂದು ಬಣ್ಣ. "ಬೆಂಕಿ ತಗುಲಿದಂಗೆ ಆಗೈತೆ ನೋಡು" ಅಂದಳು. ಇದಕ್ಕೆ ಕಾರಣ ಹಲವು ಇರಬಹುದು: ಒಣ ಗಾಳಿ, ಹೆಚ್ಚಾದ ಗೊಬ್ಬರ, ನೀರಿನಲ್ಲಿರೋ ಉಪ್ಪಿನಂಶ. ಜೊತೆಗೆ ಫ್ಲೋರೈಡ್. ಈ ಗಿಡಕ್ಕೆ ಫ್ಲೋರೈಡ್ ಆಗಿಬರಲ್ಲ. ಅದು ನೀರಿನ ಜೊತೆ ಎಲೆಯ ತುದಿಗೆ ಹೋಗಿ ಸೇರಿಕೊಂಡು ತುದಿ ಸುಡುತ್ತೆ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇರೋದು ಹೊಸ ಸುದ್ದಿಯೇನಲ್ಲ. ನಾನು ದೊಡ್ಡ ಗಾರ್ಡನಿಂಗ್ ಎಕ್ಸ್‌ಪರ್ಟ್ ಥರ, "ಬೋರ್ ನೀರು ಹಾಕಬೇಡವ್ವ, ಫಿಲ್ಟರ್ ನೀರು ಹಾಕು" ಅಂದೆ.

ಮೂರು ತಿಂಗಳಿಗೆ ಹೊಸ ಎಲೆಗಳು ತುದಿಯವರೆಗೂ ಹಸಿರಾಗಿ ಬಂದವು. ಅವ್ವ ಫೋಟೊ ಕಳಿಸಿದಳು. ನಾನು ಅದನ್ನೇ ಸ್ಟೇಟಸ್ ಹಾಕಿಕೊಂಡೆ.

ಹೋದ ತಿಂಗಳು ಊರಿಗೆ ಹೋದಾಗ ಬಾಯಾರಿಕೆ ಅಂತ ಕ್ಯಾನ್ ಬಗ್ಗಿಸಿದೆ. ಖಾಲಿ. ಅವ್ವ ಕೊಡದಿಂದ ನೀರು ಕೊಟ್ಟಳು. ಕುಡಿದರೆ ಸಪ್ಪೆ-ಉಪ್ಪು ರುಚಿ. ಬೋರ್ ನೀರು.

"ಇದನ್ನ್ಯಾಕೆ ಕುಡೀತಿದೀಯಾ?"

"ಕ್ಯಾನು ಗಿಡಕ್ಕೆ ಬೇಕಲ್ಲಪ್ಪ. ನೀನೇ ಹೇಳಿದ್ದೆ."

ಲೆಕ್ಕ ಹೀಗಿತ್ತು: ಪಕ್ಕದ ಮನೆ ಹುಡುಗ ಮೂರು ದಿನಕ್ಕೊಮ್ಮೆ ಗಾಡೀಲಿ ಒಂದು ಕ್ಯಾನ್ ತಂದುಕೊಡ್ತಾನೆ, 20 ಲೀಟರ್. ಅವ್ವನಿಗೆ ಮೊಣಕಾಲು ನೋವು, ತಾನೇ ಹೊರಕ್ಕಾಗಲ್ಲ. ಇನ್ನೊಂದು ತಾ ಅನ್ನೋಕೆ ಸಂಕೋಚ. ಒಂಬತ್ತು ಗಿಡಕ್ಕೆ ದಿನಾ ಒಂದೊಂದು ಚೊಂಬು ಹಾಕಿದರೆ ಕ್ಯಾನ್ ಅಲ್ಲಿಗಲ್ಲಿಗೆ ಸರಿ. ಅವಳು ಕುಡಿಯೋಕೆ ಬೋರು.

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. "ಗಿಡಕ್ಕೆ ಆಗದ ನೀರು ನಿಂಗೆ ಆಗುತ್ತಾ?" ಅಂದೆ.

"ನಂಗೇನಾಗ್ತತೆ ಬಿಡು. ಅರವತ್ತು ವರ್ಷ ಇದೇ ನೀರು ಕುಡ್ಕಂಡು ಬಂದೀನಿ."

ಅರವತ್ತು ವರ್ಷ ಅಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಬೋರು ಕೊರೆಸಿದ್ದು. ಅದಕ್ಕೂ ಮುಂಚೆ ಬಾವಿ ನೀರು. ಬೋರು ಆಳಕ್ಕೆ ಹೋದಷ್ಟೂ ನೀರು ಬಂಡೆಯ ಜೊತೆ ಹೆಚ್ಚು ಕಾಲ ಇದ್ದು ಅದರ ಫ್ಲೋರೈಡ್ ಕರಗಿಸಿಕೊಳ್ಳುತ್ತೆ. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ. ವರ್ಷಗಟ್ಟಲೆ ಅದಕ್ಕಿಂತ ಜಾಸ್ತಿ ಕುಡಿದರೆ ಹಲ್ಲು, ಮೂಳೆಗೆ ತೊಂದರೆ. ಕುದಿಸಿದರೆ ಹೋಗಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತೆ. ರಾತ್ರಿಯಿಡೀ ಬಕೆಟ್ಟಿನಲ್ಲಿ ಬಿಟ್ಟರೆ ಕ್ಲೋರಿನ್ ಹೋಗಬಹುದು, ಫ್ಲೋರೈಡ್ ಹೋಗಲ್ಲ. ಅವ್ವನ ಮೊಣಕಾಲಿಗೆ ನೀರೇ ಕಾರಣ ಅಂತ ನಾನು ಹೇಳಲ್ಲ, ಡಾಕ್ಟರು ವಯಸ್ಸು ಅಂದಿದ್ದಾರೆ. ಆದರೆ ಎಲೆಯ ತುದಿ ಕಂದಾದಾಗ ಗಿಡದ ಬಗ್ಗೆ ಅಷ್ಟು ಓದಿದವನಿಗೆ, ಅದೇ ನೀರನ್ನು ಅವ್ವ ಕುಡೀತಾಳೆ ಅನ್ನೋದು ಹೊಳೀಲೇ ಇಲ್ಲ.

ಮಾರನೇ ದಿನ ಇಬ್ಬರೂ ಕೂತು ಒಂಬತ್ತೂ ಗಿಡ ನೋಡಿದ್ವಿ. ಒಂದರ ಬುಡ ಹಳದಿಯಾಗಿತ್ತು. ಕಿತ್ತರೆ ಬೇರು ಕೊಳೆತು ಮೆತ್ತಗಾಗಿತ್ತು. ದಿನಾ ನೀರು ಬೇಕಿರಲೇ ಇಲ್ಲ. ಬೆರಳು ಮಣ್ಣಿಗೆ ಇಳಿಸಿ, ಮೇಲಿನ ಒಂದು ಇಂಚು ಒಣಗಿದ್ದರೆ ಮಾತ್ರ ಹಾಕಬೇಕು. ವಾರಕ್ಕೆ ಎರಡು ಸಲ, ಅರ್ಧರ್ಧ ಲೀಟರ್ ಸಾಕು. ಸೂಪರ್ ಫಾಸ್ಫೇಟ್ ಹಾಕಬಾರದು, ಅದರಲ್ಲೂ ಫ್ಲೋರೈಡ್ ಇರುತ್ತೆ. ಕೆಮ್ಮಣ್ಣು, ಮರಳು, ಹಳೇ ಕೊಟ್ಟಿಗೆ ಗೊಬ್ಬರ ಇಷ್ಟೇ ಸಾಕು. ಮರಿ ಮಾಡೋಕೆ ಬಳ್ಳಿ ಕತ್ತರಿಸದೆ, ಪಕ್ಕದಲ್ಲಿ ಚಿಪ್ಪಿಟ್ಟು ಮಣ್ಣಿಗೆ ಕೂರಿಸಿ, ಬೇರು ಹಿಡಿದಮೇಲೆ ಕತ್ತರಿಸಿ.

ಗಿಡದ ನೀರಿಗೆ ದಾರಿ ನಮ್ಮ ತಲೆ ಮೇಲೇ ಇತ್ತು. 100 ಚದರ ಅಡಿ ತಗಡಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 90 ಲೀಟರ್. ಹಿತ್ತಿಲ ತಗಡಿಗೆ ದೋಣಿ ಕಟ್ಟಿ 200 ಲೀಟರ್ ಡ್ರಮ್ಮು ಇಟ್ಟೆ. ಸೊಳ್ಳೆ ಬಾರದಂತೆ ಬಾಯಿಗೆ ಬಟ್ಟೆ. ಗಿಡಗಳಿಗೆ ವಾರಕ್ಕೆ 9 ಲೀಟರ್ ಅಂದರೂ ತುಂಬಿದ ಡ್ರಮ್ಮು ಐದು ತಿಂಗಳು ಬರುತ್ತೆ. ಕ್ಯಾನು ಪೂರ್ತಿ ಅವ್ವನಿಗೆ. ಹುಡುಗನಿಗೆ ನಾನೇ ಹೇಳಿ ವಾರಕ್ಕೆ ಇನ್ನೊಂದು ಕ್ಯಾನ್ ಗೊತ್ತುಮಾಡಿದೆ.

ಅಂದಹಾಗೆ, ಈ ಗಿಡ ಮನೆ ಗಾಳಿ ಶುದ್ಧ ಮಾಡುತ್ತೆ ಅಂತ ವಾಟ್ಸಾಪಿನಲ್ಲಿ ಬರುತ್ತಲ್ಲ, ಆ ಮಾತು ಹುಟ್ಟಿದ್ದು ನಾಸಾ 1989ರಲ್ಲಿ ಮುಚ್ಚಿದ ಪೆಟ್ಟಿಗೆಯಂಥ ಕೋಣೆಗಳಲ್ಲಿ ಮಾಡಿದ ಪ್ರಯೋಗದಿಂದ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಇಂಥ ಹಳೇ ಪ್ರಯೋಗಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದರು. ಮನೆಗೆ ಮಾಮೂಲಿಯಾಗಿ ಬಂದುಹೋಗೋ ಗಾಳಿಯಷ್ಟು ಕೆಲಸ ಮಾಡಬೇಕಾದರೆ ಚದರ ಮೀಟರಿಗೆ ಕಡಿಮೆ ಅಂದ್ರೂ 10 ಗಿಡ ಬೇಕಂತೆ. ಅದಕ್ಕಿಂತ ಕಿಟಕಿ ತೆಗೆಯೋದು ಸುಲಭ. ಗಿಡ ಚೆಂದಕ್ಕೆ ಇರಲಿ, ಮಾತಾಡೋಕೆ ಇರಲಿ.

ನಮ್ಮ ಬೋರಿನ ನೀರನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕೊಟ್ಟು ಬಂದಿದ್ದೇನೆ. ವರದಿ ಇನ್ನೂ ಬಂದಿಲ್ಲ. ಹೊರಡುವಾಗ ಅವ್ವ ಚಿಪ್ಪಿನಲ್ಲಿದ್ದ ಒಂದು ಮರಿ ಕೈಗಿಟ್ಟು, "ನಿನ್ನ ರೂಮಲ್ಲಿ ಇಟ್ಕೋ. ದಿನಾ ನೀರು ಹಾಕ್ಬೇಡ" ಅಂದಳು.

ಈಗ ರಾತ್ರಿ ವಿಡಿಯೋ ಕಾಲ್‌ನಲ್ಲಿ ನಾನು ಮೊದಲು ಗಿಡ ತೋರಿಸು ಅನ್ನಲ್ಲ. "ಕ್ಯಾನಲ್ಲಿ ಎಷ್ಟೈತೆ ತೋರ್ಸವ್ವ" ಅಂತೀನಿ. ನೀವೂ ಇವತ್ತು ಫೋನ್ ಮಾಡಿದಾಗ ಊಟದ ಜೊತೆ ಇದನ್ನೂ ಕೇಳಿ: ಯಾವ ನೀರು ಕುಡೀತಿದೀರಿ?